ಮಕ್ಕಳಿಲ್ಲದ ಮನೆಯ ಮಕ್ಕಳ ಕೋಣೆ

ಮೇಸ್ತ್ರಿಯನ್ನು ಕರೆಯದೆ, ಆಳುಗಳನ್ನು ಹಚ್ಚದೆ, ಮನೆಯನ್ನು ತಮ್ಮ ಕೈಯಾರೆ ಚಂದಗಾಣಿಸಿಕೊಳ್ಳಬೇಕೆಂದು ಬೋಧಿಸುವ ವಿಡಿಯೊಗಳು ಮಕ್ಕಳ ಕೋಣೆಯನ್ನು ಕಂಡರೆ ವಿಶೇಷವಾಗಿ ಉಬ್ಬುತ್ತವೆ. ಅವುಗಳ ಕಥೆ ಎಲ್ಲ ಕಡೆಯೂ ಒಂದೇ. ಮೊದಲು ಮಾಸಿದ ಗೋಡೆಯೊಂದು ಕಾಣುತ್ತದೆ. ಅದರ ಮುಂದೆ ಬಿಳಿಯ ಅಂಗಿ ತೊಟ್ಟ ತಾಯಿಯೋ ತಂದೆಯೋ ರೋಲರ್ ಹಿಡಿದು ನಿಲ್ಲುತ್ತಾರೆ. ಆಮೇಲೆ ಕಾಲ ನಾಗಾಲೋಟದಲ್ಲಿ ಓಡುತ್ತದೆ. ಕಿಟಕಿಯ ಬಿಸಿಲು ನೆಲದ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಯುವುದರೊಳಗೆ ಗೋಡೆ ತಿಳಿನೀಲಿಯಾಗಿ, ಶೆಲ್ಫುಗಳು ತಾವಾಗಿಯೇ ಹಾರಿಬಂದು ಗೋಡೆಗೆ ಕೂತು, ಬಿಳಿಯ ಅಂಗಿ ಬಿಳಿಯಾಗಿಯೇ ಉಳಿಯುತ್ತದೆ. ಕೊನೆಯ ಐದು ಸೆಕೆಂಡುಗಳಲ್ಲಿ, ಆಗಷ್ಟೇ ಮಿಂದು ತಲೆ ಬಾಚಿಸಿಕೊಂಡ ಇಬ್ಬರು ಮಕ್ಕಳು ಪ್ರವೇಶಿಸಿ, ಪುಸ್ತಕವನ್ನು ತಲೆಕೆಳಗಾಗದಂತೆ ಹಿಡಿದು ಓದಲು ಕೂರುತ್ತಾರೆ. ನಡುವಿನ ಅಷ್ಟೂ ಹೊತ್ತು ಆ ಮಕ್ಕಳು ಎಲ್ಲಿದ್ದರು, ಏನನ್ನು ಬೀಳಿಸಿದರು, ಯಾರು ಯಾರನ್ನು ಕಚ್ಚಿದರು ಎಂಬುದಕ್ಕೆ ವಿಡಿಯೊದಲ್ಲಿ ಉತ್ತರವಿಲ್ಲ. ಅಷ್ಟು ವೇಗವಾಗಿ ಓಡಿಸಿದ ದೃಶ್ಯದಲ್ಲಿ ಒಂದೇ ಒಂದು ಕ್ಷಣವಾದರೂ ಒಂದು ಪುಟ್ಟ ಕಾಲು ಅಡ್ಡ ಬಂದದ್ದನ್ನು ಯಾರೂ ಕಂಡಿಲ್ಲ.

ಹೀಗಾಗಿ, ಮಕ್ಕಳಿರುವ ಮನೆಗಳಿಗೆಂದೇ ಹುಟ್ಟಿಕೊಂಡ ಈ ವಿದ್ಯೆಯನ್ನು ಮಕ್ಕಳಿಲ್ಲದ ಮನೆಯೊಂದರಲ್ಲಿ ಕಂಡುಹಿಡಿದಿರಬೇಕು ಎಂದು ನಂಬಲು ಸಾಕಷ್ಟು ಆಧಾರವಿದೆ.

ಮೊದಲಿಗೆ, 'ಒಂದೇ ವಾರಾಂತ್ಯದಲ್ಲಿ ಮುಗಿಸಿ' ಎಂಬ ಘೋಷಣೆಯನ್ನು ನೋಡಬೇಕು. ಮನುಷ್ಯರು ತಮ್ಮ ಕೆಲಸಕ್ಕೆ ಎಷ್ಟು ಸಮಯ ಹಿಡಿಯುತ್ತದೆಂದು ಅಂದಾಜಿಸುವಾಗ ಸದಾ ಆಶಾವಾದಿಗಳಾಗಿರುತ್ತಾರೆ ಎಂಬುದನ್ನು ಡೇನಿಯಲ್ ಕಾನೆಮನ್ ಮತ್ತು ಏಮಾಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿಯೇ ಗುರುತಿಸಿ ಹೆಸರಿಟ್ಟಿದ್ದರು. 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರೆಂದು ಕೇಳಿದಾಗ ಬಂದ ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೆಟ್ಟುಹೋದರೆ ಎಷ್ಟಾದೀತು ಎಂದು ಕೇಳಿದಾಗ 48.6 ದಿನ ಎಂದರು. ನಿಜವಾಗಿ ಹಿಡಿದದ್ದು 55.5 ದಿನ. ಅಂದರೆ ಎಲ್ಲವೂ ಕೆಟ್ಟುಹೋಗುವುದೆಂದರೇನು ಎಂಬುದನ್ನು ಕಲ್ಪಿಸಿಕೊಳ್ಳುವುದರಲ್ಲಿಯೂ ನಾವು ಹಿಂದೆ. ಇಷ್ಟರ ಮೇಲೆ, ಪ್ರಬಂಧವೆಂಬುದು ಒಣಗಬೇಕಾದ ವಸ್ತುವಲ್ಲ. ಬರೆದಿಟ್ಟ ಪುಟವನ್ನು ಯಾರಾದರೂ ಹಸಿ ಇರುವಾಗಲೇ ಸವರಿಬಿಡುತ್ತಾರೆ ಎಂಬ ಭಯ ಆ ವಿದ್ಯಾರ್ಥಿಗಳಿಗೆ ಇರಲಿಲ್ಲ.

ಬಣ್ಣಕ್ಕೆ ಆ ಭಯವಿದೆ. ನೀರಿನಲ್ಲಿ ಕಲಸುವ ಸಾಮಾನ್ಯ ಎಮಲ್ಶನ್ ಬಣ್ಣ ಸುಮಾರು ಒಂದು ಗಂಟೆಯಲ್ಲಿ ಮುಟ್ಟಿದರೆ ಅಂಟದಷ್ಟು ಒಣಗುತ್ತದೆ, ಎರಡರಿಂದ ನಾಲ್ಕು ಗಂಟೆಗಳಲ್ಲಿ ಮೇಲೊಂದು ಪದರ ಬಳಿಯಲು ಸಿದ್ಧವಾಗುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಮುಟ್ಟುವವರು ಯಾರು ಎಂಬುದನ್ನು ಮಾತ್ರ ಅಚ್ಚು ಮಾಡಿರುವುದಿಲ್ಲ. ದೊಡ್ಡವರು ಬೆರಳ ತುದಿಯಿಂದ, ಬಾಗಿಲ ಹಿಂದಿನ ಮರೆಯ ಜಾಗವೊಂದರಲ್ಲಿ, ಉಸಿರು ಬಿಗಿಹಿಡಿದು ಮುಟ್ಟುತ್ತಾರೆ. ಎರಡು ವರ್ಷದ ಮಗು ಗೋಡೆಯ ನಟ್ಟನಡುವೆ ಎರಡೂ ಅಂಗೈಗಳನ್ನು ಊರಿ ಮುಟ್ಟುತ್ತದೆ. ಕೈ ಅಂಟಿತೆಂದು ಗೊತ್ತಾದ ಮೇಲೆ ಅದನ್ನು ಒರೆಸಿಕೊಳ್ಳಲು, ನಿನ್ನೆ ಬಳಿದು ಮುಗಿಸಿದ್ದ ಎದುರಿನ ಗೋಡೆಯ ಕಡೆಗೆ ನಡೆಯುತ್ತದೆ. 'ತೊಳೆಯಬಹುದಾದ ಬಣ್ಣ' ಎಂಬ ಭರವಸೆಯನ್ನು ನೆನೆದು ತಂದೆ ತಾಯಿ ಒದ್ದೆ ಬಟ್ಟೆ ಹಿಡಿದು ಓಡಿದರೆ, ಬಣ್ಣ ಪೂರ್ತಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಉಜ್ಜಕೂಡದು ಎಂಬ ಸಾಲು ಅದೇ ಡಬ್ಬಿಯ ಹಿಂಭಾಗದಲ್ಲಿ, ಭೂತಗನ್ನಡಿಗೆ ನಿಲುಕುವ ಅಕ್ಷರಗಳಲ್ಲಿ ಸಿಗುತ್ತದೆ. ನಾಲ್ಕು ವಾರ ಗೋಡೆ ಮುಟ್ಟದ ಮಗುವಿರುವ ಮನೆಗೆ ತೊಳೆಯಬಹುದಾದ ಬಣ್ಣದ ಅಗತ್ಯವಾದರೂ ಏನಿತ್ತು ಎಂದು ತಯಾರಕರನ್ನು ಯಾರೂ ಕೇಳಿದಂತಿಲ್ಲ.

ಮಾಸ್ಕಿಂಗ್ ಟೇಪಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಿಟಕಿಯ ಚೌಕಟ್ಟಿಗೆ, ಸ್ವಿಚ್ ಬೋರ್ಡಿನ ಸುತ್ತ, ನೆಲ ಮತ್ತು ಗೋಡೆ ಕೂಡುವ ಅಂಚಿಗೆ ಈ ಟೇಪನ್ನು ಅಂಟಿಸಿದರೆ ಬಣ್ಣದ ಗೆರೆ ನೇರವಾಗಿ ಬರುತ್ತದೆ ಎಂಬುದು ಸರ್ವಸಮ್ಮತ ಸತ್ಯ. ದೊಡ್ಡವರ ಕಣ್ಣಿಗೆ ಅದು ಮೂವತ್ತು ಅಡಿ ಉದ್ದದ ಒಂದು ಎಚ್ಚರಿಕೆ. ಮಗುವಿನ ಕಣ್ಣಿಗೆ ಅದರಲ್ಲಿ ಕಾಣುವುದು ಒಂದೇ ಒಂದು ಸಂಗತಿ, ಮೂಲೆಯಲ್ಲಿ ಸ್ವಲ್ಪವೇ ಎದ್ದಿರುವ ಅದರ ತುದಿ. ಊಟದ ಮುಂದೆ ಅರೆ ನಿಮಿಷ ಕೂರಲಾರದ ಅದೇ ಮಗು ಆ ತುದಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ನಾಲಿಗೆಯನ್ನು ತುಟಿಯ ಅಂಚಿಗೆ ತಂದುಕೊಂಡು, ತೋರುಬೆರಳು ಹೆಬ್ಬೆರಳುಗಳ ನಡುವೆ ಅದನ್ನು ಹಿಡಿದು, ಶಸ್ತ್ರವೈದ್ಯರೂ ಮೆಚ್ಚುವ ನಿಧಾನದಲ್ಲಿ ಕೋಣೆಯ ಉದ್ದಕ್ಕೂ ಬಿಚ್ಚುತ್ತ ಸಾಗುತ್ತದೆ. ಅರೆ ಒಣಗಿದ ಬಣ್ಣದ ಪೊರೆಯೂ ಅದರ ಜೊತೆಗೇ ಎದ್ದು ಬರುತ್ತದೆ. ಗಮನವಿಟ್ಟು ಕೆಲಸ ಮಾಡುವ ಗುಣವನ್ನು ಮಕ್ಕಳಲ್ಲಿ ಬೆಳೆಸುವುದು ಹೇಗೆಂದು ತಲೆಕೆಡಿಸಿಕೊಂಡಿರುವ ಶಿಕ್ಷಣತಜ್ಞರು ಈ ದೃಶ್ಯವನ್ನು ಒಮ್ಮೆ ನೋಡಬೇಕು.

ಇಂತಹ ಮಗುವನ್ನು ಕೆಲಸದಿಂದ ದೂರವಿಡಿ ಎಂದು ಬೋಧಕರು ಹೇಳಿದ್ದರೆ ಅವರನ್ನು ಕ್ಷಮಿಸಬಹುದಿತ್ತು. ಅವರು ಹೇಳುವುದು ತದ್ವಿರುದ್ಧ: ಮಕ್ಕಳನ್ನೂ ಸೇರಿಸಿಕೊಳ್ಳಿ, ಅವರಿಗೊಂದು ಪುಟ್ಟ ಬ್ರಷ್ ಕೊಡಿ, ಸ್ಕ್ರೂಗಳನ್ನು ವಿಂಗಡಿಸಲು ಹೇಳಿ, ಅದರಿಂದ ಅವರ ಆತ್ಮವಿಶ್ವಾಸ ಬೆಳೆಯುತ್ತದೆ. ಮಕ್ಕಳು ಸ್ಕ್ರೂಗಳನ್ನು ವಿಂಗಡಿಸುವುದು ನಿಜ. ಬಾಯಿಗೆ ಹಾಕಿಕೊಳ್ಳಬಹುದಾದವು ಮತ್ತು ಬಾಗಿಲ ಸಂದಿಗೆ ತೂರಿಸಬಹುದಾದವು ಎಂಬ ಎರಡು ವರ್ಗಗಳು ಅವರಲ್ಲಿ ಮೊದಲೇ ಇವೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವವರು 31.7 ಮಿಲಿಮೀಟರ್ ವ್ಯಾಸದ ಚಿಕ್ಕ ಕೊಳವೆಯೊಂದನ್ನು ಇಟ್ಟುಕೊಂಡಿರುತ್ತಾರೆ. ಆಟಿಕೆಯ ಯಾವುದೇ ಬಿಡಿಭಾಗ ಅದರೊಳಗೆ ಪೂರ್ತಿಯಾಗಿ ಕೂತರೆ, ಉಸಿರುಗಟ್ಟಿಸುವ ಅಪಾಯವಿದೆಯೆಂದು ಆ ಆಟಿಕೆಯನ್ನು ತಿರಸ್ಕರಿಸುತ್ತಾರೆ. ಜೋಡಿಸಿಕೊಳ್ಳುವ ಕಪಾಟಿನೊಡನೆ ಬರುವ ಪೊಟ್ಟಣವನ್ನು ಆ ಕೊಳವೆಯ ಪಕ್ಕದಲ್ಲಿ ಬಿಚ್ಚಿದರೆ, ಸ್ಕ್ರೂ, ನಟ್ಟು, ಮರದ ಗೂಟ, ಪ್ಲಾಸ್ಟಿಕ್ ಬಿರಡೆಗಳಲ್ಲಿ ಬಹುಪಾಲು ಅದರೊಳಗೆ ಸುಖವಾಗಿ ಇಳಿಯುತ್ತವೆ. ಆಟಿಕೆಯ ಅಂಗಡಿಯಲ್ಲಿ ಮಾರಲು ಬಿಡದ ವಸ್ತುವನ್ನು ಆತ್ಮವಿಶ್ವಾಸದ ಹೆಸರಿನಲ್ಲಿ ಮಗುವಿನ ಬೊಗಸೆಗೆ ಸುರಿಯುವುದಕ್ಕೆ ಸಹಭಾಗಿತ್ವ ಎಂಬ ಹೆಸರು ಬಂದಿದೆ.

ಅಂದಹಾಗೆ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರನ್ನು ಹಿಂದಿನವರು ವಿನಾಕಾರಣ ಗೇಲಿ ಮಾಡಿದರು ಎಂಬುದು ನನ್ನ ಖಚಿತ ಅಭಿಪ್ರಾಯ. ಕುಲಾವಿ ಹೊಲಿಯಲು ಬಿಡುವು ಸಿಗುವುದು ಆಗ ಮಾತ್ರ. ಆದರೆ ಅಲ್ಲಿಯೂ ವಿಡಿಯೊ ಎಡವಿಸುತ್ತದೆ. 'ಮೊದಲು ಹಳೆಯ ಬಣ್ಣವನ್ನು ಉಜ್ಜಿ ತೆಗೆಯಿರಿ' ಎಂದು ಅದು ಎರಡು ಸೆಕೆಂಡುಗಳಲ್ಲಿ ಹೇಳಿ ಮುಗಿಸುವ ಕೆಲಸ, ಹಳೆಯ ಕಟ್ಟಡಗಳಲ್ಲಿ ಸೀಸದ ಧೂಳನ್ನು ಎಬ್ಬಿಸುವ ಕೆಲಸವೂ ಆಗಿರಬಹುದು. ಮನೆಯ ಬಣ್ಣಕ್ಕೆ ಸೀಸ ಬೆರೆಸುವುದನ್ನು ಅಮೆರಿಕ ನಿಷೇಧಿಸಿದ್ದೇ 1978ರಲ್ಲಿ. ಸೀಸದ ವಿಷಯದಲ್ಲಿ ಇಷ್ಟರವರೆಗೆ ಪರವಾಗಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಕೆಡುಕು ಅತಿ ಹೆಚ್ಚು ತಟ್ಟುವುದು ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ, ಅಂದರೆ ಕೋಣೆ ಯಾರಿಗಾಗಿ ಸಿದ್ಧವಾಗುತ್ತಿದೆಯೋ ಅವರಿಗೇ.

ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಯಾವುದು ಎಂಬುದರಲ್ಲಿ ವಿವಾದವೇ ಇಲ್ಲ. ಡ್ರಾಯರುಗಳಿರುವ ಕಪಾಟನ್ನು ಗೋಡೆಗೆ ಬಿಗಿಯಬೇಕು, ಅಷ್ಟೇ. ಡ್ರಾಯರುಗಳನ್ನು ಎಳೆದುಕೊಂಡು ಮೆಟ್ಟಿಲಿನಂತೆ ಹತ್ತುವ ಮಕ್ಕಳ ಮೇಲೆ ಕಪಾಟು ಮಗುಚಿ ಸಾವುಗಳು ಸಂಭವಿಸಿದ ಮೇಲೆ, 2016ರಲ್ಲಿ ಅಮೆರಿಕದಲ್ಲಿ, ಕೊಂಡವರೇ ಜೋಡಿಸಿಕೊಳ್ಳುವ ಪೀಠೋಪಕರಣಗಳನ್ನು ಮಾರುವ ಇಕಿಯಾ ಸಂಸ್ಥೆ ಸುಮಾರು 2.9 ಕೋಟಿ ಕಪಾಟುಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. 2022ರ ಕೊನೆಯಲ್ಲಿ ಅಲ್ಲಿ ಇದಕ್ಕೆಂದೇ ಕಾನೂನು ಬಂತು, ಮರುವರ್ಷದಿಂದ ಇಂತಹ ಕಪಾಟುಗಳು 60 ಪೌಂಡ್, ಅಂದರೆ ಸುಮಾರು 27 ಕಿಲೋ ತೂಗುವ ಮಗುವಿನ ಎಳೆತವನ್ನು ತಾಳಿಕೊಳ್ಳಬೇಕೆಂಬ ಪರೀಕ್ಷೆ ಕಡ್ಡಾಯವಾಯಿತು. ಗೋಡೆಗೆ ಬಿಗಿಯಲು ಬೇಕಾದದ್ದು ಒಂದು ಪಟ್ಟಿ, ಎರಡು ಸ್ಕ್ರೂ, ಗೋಡೆಯಲ್ಲಿ ಒಂದು ತೂತು. ಆದರೆ ಆ ಪಟ್ಟಿ ಕಪಾಟಿನ ಹಿಂದೆ ಅವಿತುಕೊಳ್ಳುವುದರಿಂದ ಅದರ ಚಿತ್ರ ತೆಗೆಯಲಾಗುವುದಿಲ್ಲ, ಹೊಸದಾಗಿ ಬಳಿದ ತಿಳಿನೀಲಿ ಗೋಡೆಯಲ್ಲಿ ತೂತು ಕೊರೆಯುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಮೋಡದ ಆಕಾರದ ದೀಪವನ್ನು ಚಾವಣಿಗೆ ತೂಗುಹಾಕಲು ಏಣಿ, ಡ್ರಿಲ್ ಮತ್ತು ಇಡೀ ಒಂದು ಮಧ್ಯಾಹ್ನ ಒದಗಿಬರುತ್ತದೆ. ಪಟ್ಟಿ ಮಾತ್ರ ಪೊಟ್ಟಣವನ್ನು ಬಿಟ್ಟು ಹೊರಬರುವುದಿಲ್ಲ.

ಇಷ್ಟೆಲ್ಲ ಆದರೂ ಜನ ಈ ಕೆಲಸಕ್ಕೆ ಮತ್ತೆ ಮತ್ತೆ ಕೈಹಾಕುವುದೇಕೆ ಎಂಬುದಕ್ಕೂ ವಿಜ್ಞಾನದಲ್ಲಿ ವಿವರಣೆಯಿದೆ. 2012ರಲ್ಲಿ ಪ್ರಕಟವಾದ, 'ಇಕಿಯಾ ಪರಿಣಾಮ' ಎಂದೇ ಹೆಸರಾದ ಸಂಶೋಧನೆಯ ಪ್ರಕಾರ, ಮನುಷ್ಯರು ತಾವೇ ಜೋಡಿಸಿದ ವಸ್ತುವಿಗೆ ಅದರ ಯೋಗ್ಯತೆಗೆ ಮೀರಿದ ಬೆಲೆ ಕಟ್ಟುತ್ತಾರೆ; ಕಾಗದ ಮಡಚುವುದನ್ನು ಆಗಷ್ಟೇ ಕಲಿತವರು ತಮ್ಮ ಸೊಟ್ಟ ಕೊಕ್ಕರೆಯನ್ನು ಪರಿಣತರು ಮಡಚಿದ ಕೊಕ್ಕರೆಗೆ ಹೆಚ್ಚುಕಡಿಮೆ ಸಮವೆಂದೇ ಎಣಿಸಿದರು. ವಾಲಿದ ಶೆಲ್ಫಿನ ಮುಂದೆ ನಿಂತು ಕತ್ತನ್ನೂ ಅದೇ ಕೋನಕ್ಕೆ ವಾಲಿಸಿ ಹೆಮ್ಮೆಪಡುವ ತಂದೆಯಂದಿರ ರಹಸ್ಯ ಇದೇ. ಆದರೆ ಅದೇ ಸಂಶೋಧನೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ವಿಡಿಯೊದವರು ಉಲ್ಲೇಖಿಸುವುದಿಲ್ಲ: ಕೆಲಸ ಅರ್ಧಕ್ಕೆ ನಿಂತರೆ, ಅಥವಾ ಕಟ್ಟಿದ್ದನ್ನು ಮತ್ತೆ ಬಿಚ್ಚಿಹಾಕಿದರೆ, ಆ ಮೋಹ ಇಳಿದುಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕೆಲಸಗಳು ತಲುಪಬಲ್ಲ ಸ್ಥಿತಿಗಳು ಈ ಎರಡೇ. ಆದ್ದರಿಂದ ಅಲ್ಲಿಯ ತಂದೆ ತಾಯಿ ತಮ್ಮ ಶೆಲ್ಫನ್ನು ಅದರ ನಿಜವಾದ ಯೋಗ್ಯತೆಯಲ್ಲಿಯೇ ಕಾಣಬೇಕಾಗುತ್ತದೆ.

ಮಕ್ಕಳನ್ನು ಕಣ್ಣಾರೆ ಕಂಡು ನಿಯಮ ಬರೆದವರು ಲೋಕದಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಬ್ರಷ್ ತೊಳೆಯುವ ಟರ್ಪೆಂಟೈನಿನಂತಹ ದ್ರವಗಳ ಸೀಸೆಗಳಿಗೆ ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳ ಇರಬೇಕೆಂದು ಅಮೆರಿಕದಲ್ಲಿ 1970ರ ಕಾನೂನೊಂದು ದಾರಿ ಮಾಡಿಕೊಟ್ಟಿತು. ಆ ಮುಚ್ಚಳಗಳನ್ನು ಪರೀಕ್ಷಿಸುವ ವಿಧಾನ ಓದುವಂತಿದೆ. 42ರಿಂದ 51 ತಿಂಗಳ ವಯಸ್ಸಿನ ನಿಜವಾದ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಸೀಸೆಯನ್ನು ಕೈಗೆ ಕೊಟ್ಟು ಐದು ನಿಮಿಷ ಬಿಡುತ್ತಾರೆ. ತೆರೆಯಲಾಗದವರಿಗೆ ತೆರೆಯುವುದು ಹೇಗೆಂದು ಒಮ್ಮೆ ತೋರಿಸುತ್ತಾರೆ, ಬೇಕಾದರೆ ಹಲ್ಲನ್ನೂ ಬಳಸಬಹುದು ಎಂದು ಹೇಳುತ್ತಾರೆ, ಮತ್ತೆ ಐದು ನಿಮಿಷ ಕೊಡುತ್ತಾರೆ. ತೋರಿಸುವ ಮೊದಲು ಶೇಕಡಾ 85ರಷ್ಟು, ತೋರಿಸಿದ ಮೇಲೆಯೂ ಶೇಕಡಾ 80ರಷ್ಟು ಮಕ್ಕಳು ಸೋತರೆ ಮುಚ್ಚಳ ತೇರ್ಗಡೆ. ಐವರಲ್ಲಿ ಒಬ್ಬ ಮಗು ಗೆಲ್ಲಬಹುದೆಂದು ಮೊದಲೇ ಒಪ್ಪಿಕೊಂಡ, ಹಲ್ಲಿನ ಸಾಧ್ಯತೆಯನ್ನು ಮರೆಯದ ಈ ನಿಯಮವನ್ನು ಬರೆದವರ ಮನೆಯಲ್ಲಿ ಮಕ್ಕಳಿದ್ದಿರಲೇಬೇಕು.

ಇದೇ ಪರೀಕ್ಷೆಯನ್ನು ವಾರಾಂತ್ಯದ ಯೋಜನೆಗಳಿಗೂ ವಿಸ್ತರಿಸಬೇಕೆಂದು ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ. 'ಕುಟುಂಬಸ್ನೇಹಿ' ಎಂಬ ಮುದ್ರೆ ಬೇಕಾದ ಪ್ರತಿ ವಿಡಿಯೊದ ಕರ್ತೃವೂ ಅದೇ ಬಿಳಿಯ ಅಂಗಿ ತೊಟ್ಟು, ಹಸಿ ಗೋಡೆ, ತೆರೆದ ಬಣ್ಣದ ಡಬ್ಬಿ, ಅರ್ಧ ಜೋಡಿಸಿದ ಕಪಾಟು ಮತ್ತು ತುದಿ ಎದ್ದ ಟೇಪಿನೊಡನೆ, ಮೇಲೆ ಹೇಳಿದ ವಯಸ್ಸಿನ ಇಬ್ಬರು ಮಕ್ಕಳು ಎಚ್ಚರವಾಗಿರುವ ಕೋಣೆಯಲ್ಲಿ ಕೆಲಸ ಮುಗಿಸಿ ತೋರಿಸತಕ್ಕದ್ದು. ದೃಶ್ಯವನ್ನು ವೇಗವಾಗಿ ಓಡಿಸತಕ್ಕದ್ದಲ್ಲ. ಮಕ್ಕಳಿಗೆ ಹಲ್ಲು ಬಳಸುವ ಹಕ್ಕು ಇರತಕ್ಕದ್ದು. ಮುಚ್ಚಳದ ಕಾನೂನಿನಲ್ಲಿ 50ರಿಂದ 70 ವರ್ಷದ ದೊಡ್ಡವರಿಗೂ ಒಂದು ಪರೀಕ್ಷೆಯಿದೆ, ಅವರಲ್ಲಿ ಶೇಕಡಾ 90 ಮಂದಿಗೆ ಮುಚ್ಚಳ ತೆರೆಯಲು ಬರಬೇಕು. ನಮ್ಮ ನಿಯಮದಲ್ಲಿ ಅದಕ್ಕೆ ಸಮನಾಗಿ, ಐದು ನಿಮಿಷದ ಹಿಂದೆ ತಾವೇ ಕೆಳಗಿಟ್ಟ ಸ್ಕ್ರೂಡ್ರೈವರನ್ನು ದೊಡ್ಡವರು ಹುಡುಕಿ ತೆಗೆಯತಕ್ಕದ್ದು ಎಂದು ಸೇರಿಸಬಹುದು. ಶೇಕಡಾವಾರು ಎಷ್ಟಿರಬೇಕೆಂಬುದನ್ನು ತಜ್ಞರೇ ನಿಗದಿಪಡಿಸಲಿ, ಆದರೆ ಅದನ್ನು ತೀರ ಕೆಳಗೆ ಇಡುವುದು ಒಳ್ಳೆಯದು. ಏಕೆಂದರೆ ಸ್ಕ್ರೂಡ್ರೈವರ್ ಎಲ್ಲಿದೆ ಎಂಬುದು ಆ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ, ಅವರಿಗೆ ಇನ್ನೂ ಮಾತು ಬಂದಿರುವುದಿಲ್ಲ.