ಸಮುದ್ರ ಅಂದ್ರೆ ಕುರ್ಚಿ ಕಣಪ್ಪಾ

ಗ್ರೀಸ್‌ನಲ್ಲೊಂದು ಮನೆ. ಸುತ್ತ ಎತ್ತರದ ಬೇಲಿ. ಒಳಗೆ ಅಪ್ಪ, ಅಮ್ಮ, ಜೊತೆಗೆ ಬೆಳೆದು ನಿಂತ ಮೂರು ಮಕ್ಕಳು. ಮಕ್ಕಳಲ್ಲಿ ಒಬ್ಬರೂ ಗೇಟು ದಾಟಿದವರಲ್ಲ. ಅವರಿಗೆ ಟೇಪ್‌ರೆಕಾರ್ಡರ್‌ನಲ್ಲಿ ಪಾಠ: ಸಮುದ್ರ ಅಂದರೆ ಮರದ ಕೈಗಳಿರುವ ಚರ್ಮದ ಕುರ್ಚಿ, ಹೆದ್ದಾರಿ ಅಂದರೆ ಜೋರು ಗಾಳಿ. ಊಟಕ್ಕೆ ಕೂತು ಟೆಲಿಫೋನ್ ಕೇಳಿದರೆ ಉಪ್ಪಿನ ಡಬ್ಬಿ ಬರುತ್ತದೆ. ಬೆಕ್ಕು ಮನುಷ್ಯರನ್ನು ತಿನ್ನುವ ಪ್ರಾಣಿ, ಅದು ಬಂದರೆ ಅಂಬೆಗಾಲಲ್ಲಿ ನಿಂತು ಬೊಗಳಬೇಕು. ಕೋರೆಹಲ್ಲು ಬಿದ್ದ ದಿನ ಮನೆ ಬಿಡಬಹುದು. ಆದರೆ ಹೋಗಬೇಕಾದದ್ದು ಕಾರಿನಲ್ಲೇ, ಕಾರು ಕಲಿಸೋದು ಆ ಹಲ್ಲು ಮತ್ತೆ ಹುಟ್ಟಿದ ಮೇಲೆ!

ಗ್ರೀಕ್ ನಿರ್ದೇಶಕ ಯೋರ್ಗೋಸ್ ಲಾಂತಿಮೋಸ್ ಅವರ 'ಡಾಗ್‌ಟೂತ್' (ಅಂದರೆ ಕೋರೆಹಲ್ಲು) ಸಿನಿಮಾ ಇದು. 2009ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದಿತು. ನಾನಂತೂ ಅರ್ಧಕ್ಕೆ ನಿಲ್ಲಿಸಿ ಎದ್ದು ಟೀ ಮಾಡಿಕೊಂಡೆ. ಹೀಗೂ ಯಾರಾದರೂ ಸಂಸಾರ ನಡೆಸ್ತಾರಾ ಅಂತ.

ನಡೆಸ್ತಾರೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಗ್ರೀಸ್‌ನ ಹೊಸ ಸರ್ಕಾರ ಲೆಕ್ಕದ ಪುಸ್ತಕ ತೆರೆದು ನೋಡಿದರೆ, ಬಜೆಟ್ ಕೊರತೆ ಹಿಂದಿನವರು ಹೇಳಿದ್ದರ ಹೆಚ್ಚುಕಮ್ಮಿ ದುಪ್ಪಟ್ಟು, ಜಿಡಿಪಿಯ ಶೇ 12 ದಾಟಿತ್ತು. ಅಲ್ಲಿಂದ ಶುರುವಾಯಿತು ಟೇಪಿನ ಪಾಠ. 2010ರಲ್ಲಿ 11,000 ಕೋಟಿ ಯೂರೋ ಸಾಲ ಹೊತ್ತುಕೊಂಡರು, ಅದರ ಹೆಸರು 'ರಕ್ಷಣೆ'. ಲೆಕ್ಕ ಕೇಳಲು ಬಂದ ಯುರೋಪಿಯನ್ ಕಮಿಷನ್, ಯುರೋಪಿನ ಸೆಂಟ್ರಲ್ ಬ್ಯಾಂಕ್, ಐಎಂಎಫ್ ಮೂವರೂ ಸೇರಿ 'ಟ್ರೊಯ್ಕಾ'. ಜನ ಆ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದರು. 2015ರಲ್ಲಿ ಬಂದ ಸರ್ಕಾರ ಟ್ರೊಯ್ಕಾ ಕಥೆ ಮುಗಿಯಿತು, ಇನ್ನು 'ಸಂಸ್ಥೆಗಳು' ಅಂದಿತು. ಬಾಗಿಲು ತಟ್ಟಿದವರು ಮಾತ್ರ ಅದೇ ಮೂವರು.

ಆ ವರ್ಷ ಜುಲೈ 5ರಂದು ಜನಮತ ಕೇಳಿದರು. ಶೇ 61 ಜನ ಸಾಲದ ಷರತ್ತು ಬೇಡ ಅಂದರು. ಬೀದಿಯಲ್ಲಿ ಕುಣಿದಿದ್ದೇ ಕುಣಿದಿದ್ದು. ಒಂದು ವಾರ ಕಳೆಯಿತು, ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ ಸಭೆ ನಡೆಯಿತು, ಬೆಳಗಾಗುವಷ್ಟರಲ್ಲಿ ಮೂರನೇ ಸಾಲಕ್ಕೆ ಒಪ್ಪಿಗೆ. ಬೇಡ ಅಂದರೆ 'ಬಡಿಸಿ' ಅಂತ ಅರ್ಥ, ಗೊತ್ತಿರಲಿಲ್ವಾ?

2018ರ ಆಗಸ್ಟ್‌ನಲ್ಲಿ ಕೋರೆಹಲ್ಲು ಬಿತ್ತು. ಸಾಲದ ಯೋಜನೆ ಮುಗಿದ ಸಂಭ್ರಮಕ್ಕೆ ಪ್ರಧಾನಿ ಇಥಾಕಾ ದ್ವೀಪಕ್ಕೇ ಹೋಗಿ ಭಾಷಣ ಮಾಡಿದರು. ಗ್ರೀಕ್ ಪುರಾಣದ ವೀರ ಒಡಿಸಿಯಸ್ ಅಲೆದು ಅಲೆದು ಮನೆ ಸೇರಿದ ಜಾಗ ಅಲ್ವಾ ಅದು. ಆದರೂ 2022ರವರೆಗೆ 'ಹೆಚ್ಚಿನ ನಿಗಾ' ಅಂತ ಯುರೋಪಿನವರು ಬಂದು ಲೆಕ್ಕ ನೋಡುತ್ತಲೇ ಇದ್ದರು. ಕಾರು ಕಲಿಸೋದು ಹಲ್ಲು ಹುಟ್ಟಿದ ಮೇಲೆ, ಮರೆತಿರಾ?

ಸಿನಿಮಾದ ದೊಡ್ಡ ಮಗಳಿಗೆ ಅಷ್ಟು ತಾಳ್ಮೆ ಇಲ್ಲ. ಡಂಬೆಲ್‌ನಿಂದ ತಾನೇ ಹಲ್ಲು ಒಡೆದುಕೊಂಡು ಹೋಗಿ ಅಪ್ಪನ ಕಾರಿನ ಡಿಕ್ಕಿಯಲ್ಲಿ ಅಡಗುತ್ತಾಳೆ. ಅಪ್ಪ ಕಾರನ್ನು ಫ್ಯಾಕ್ಟರಿ ಹತ್ತಿರ ನಿಲ್ಲಿಸಿ ಕೆಲಸಕ್ಕೆ ಹೋಗುತ್ತಾನೆ. ಡಿಕ್ಕಿ ಮುಚ್ಚಿಯೇ ಇರುತ್ತದೆ.