ಆ ಲಿಂಕನ್ನು ಗ್ರೂಪಿಗೆ ಹಾಕಬೇಡಿ, ದಯವಿಟ್ಟು

ಇವತ್ತು ಬೆಳಿಗ್ಗೆ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಂಶೋಧನಾ ಪೇಪರಿನ ಲಿಂಕಿನ ಜೊತೆ ಬಂದ ಸಂದೇಶ: "ಎಲ್ಲರೂ ಈ ಲಿಂಕ್ ತೆರೆದು ಕನಿಷ್ಠ ಒಂದು ಸಲ ಡೌನ್‌ಲೋಡ್ ಒತ್ತಿ. ಒತ್ತಿದವರು ಡನ್ ಅಂತ ಹಾಕಿ. ತಿಂಗಳ ಕೊನೆಯೊಳಗೆ ನೂರು ಆಗಬೇಕು." ಕೆಳಗೆ ಸಾಲಾಗಿ ಡನ್, ಡನ್, ಡನ್. ಎಲ್ಲ ಅರ್ಥಶಾಸ್ತ್ರ ಎಂ.ಎ. ಓದುವ ಮಕ್ಕಳು. ಪೇಪರ್ ಯಾವುದರ ಬಗ್ಗೆ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಆ ಡೌನ್‌ಲೋಡ್ ಸಂಖ್ಯೆ ಹುಟ್ಟುವುದು ಹೇಗೆ ಎಂದು ಮೊದಲು ತಿಳಿದುಕೊಳ್ಳಿ. ಅರ್ಥಶಾಸ್ತ್ರದ ಪೇಪರುಗಳ ದೊಡ್ಡ ಸೂಚಿ ರೆಪೆಕ್. 1997ರಿಂದ ಸ್ವಯಂಸೇವಕರು ನಡೆಸಿಕೊಂಡು ಬಂದದ್ದು. ಅದರಲ್ಲಿ ಪೇಪರ್ ಇರುವುದಿಲ್ಲ. ಶೀರ್ಷಿಕೆ, ಲೇಖಕರ ಹೆಸರು, ಸಾರಾಂಶ, ಪಿಡಿಎಫ್ ಎಲ್ಲಿದೆ ಎಂಬ ವಿಳಾಸ, ಇಂಥ ವಿವರಗಳಷ್ಟೆ. ಓದುಗರಿಗೆ ಅದನ್ನು ತೋರಿಸುವ ತಾಣಗಳು ಬೇರೆ: ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಆಸರೆಯ ಐಡಿಯಾಸ್, ಸ್ವೀಡನ್ನಿನ ಓರೆಬ್ರೂ ವಿಶ್ವವಿದ್ಯಾಲಯದಿಂದ ನಡೆಯುವ ಇಕಾನ್‌ಪೇಪರ್ಸ್, ಇತ್ಯಾದಿ. ಇವುಗಳ ಲಾಗ್‌ಗಳನ್ನು, ಅಂದರೆ ಯಾವ ಪುಟ ಎಲ್ಲಿಂದ ತೆರೆಯಿತು ಎಂಬ ದಾಖಲೆಗಳನ್ನು, ಒಟ್ಟು ಮಾಡಿ ತಿಂಗಳು ತಿಂಗಳು ಲೆಕ್ಕ ಕೊಡುವುದು ಲಾಗ್‌ಎಕ್. ಸಾರಾಂಶದ ಪುಟ ತೆರೆದರೆ ಒಂದು ಲೆಕ್ಕ. ಅಲ್ಲಿಂದ ಪಿಡಿಎಫ್ ಲಿಂಕ್ ಒತ್ತಿದರೆ ಇನ್ನೊಂದು, ಅದಕ್ಕೆ ಡೌನ್‌ಲೋಡ್ ಎಂದು ಹೆಸರು. ಎಣಿಕೆಯಾಗುವುದು ಒತ್ತಿದ್ದು ಮಾತ್ರ. ಕಡತ ಇಳಿಯಿತಾ, ಪ್ರಕಾಶಕರು ದುಡ್ಡು ಕೇಳುವ ಪುಟಕ್ಕೆ ಹೋಗಿ ನಿಂತಿತಾ, ಯಾರಾದರೂ ಓದಿದರಾ, ಯಾವುದೂ ಅಲ್ಲಿ ಗೊತ್ತಾಗುವುದಿಲ್ಲ.

ಬೆಳಗಿನ ಆ ಲಿಂಕನ್ನು ನಾನೂ ತೆರೆದೆ, ಮೊಬೈಲ್ ಡೇಟಾದಲ್ಲಿ. ಸಾರಾಂಶ ಬಂತು. ಪಿಡಿಎಫ್ ಒತ್ತಿದರೆ ಪುಟ ಸಿಗಲಿಲ್ಲ ಎಂಬ ದೋಷಸೂಚನೆ. ಡನ್ ಎಂದು ಹಾಕಿದ ಅಷ್ಟು ಮಕ್ಕಳಲ್ಲಿ ಒಬ್ಬರಾದರೂ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಅವರಿಗೆ ಕೊಟ್ಟ ಕೆಲಸ ಒತ್ತುವುದು.

ಒತ್ತಿದ್ದರಿಂದ ನೂರಾದರೂ ಆಗ್ತದಾ? ಅದೂ ಇಲ್ಲ. ಲಾಗ್‌ಎಕ್ ಮೊದಲು ರೋಬಾಟ್‌ಗಳನ್ನು, ಅಂದರೆ ತಾವಾಗಿ ಪುಟ ತೆರೆಯುವ ಪ್ರೋಗ್ರಾಮುಗಳನ್ನು, ಸೋಸಿ ತೆಗೆಯುತ್ತದೆ. ಆಮೇಲೆ ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ಟಿನಲ್ಲಿ ಸಂಪರ್ಕದ ಗುರುತು ಸಂಖ್ಯೆ) ಒಂದೇ ಪೇಪರಿಗೆ ತಿಂಗಳಲ್ಲಿ ಎಷ್ಟು ಸಲ ಬಂದರೂ ಒಂದೇ ಎಂದು ಹಿಡಿಯುತ್ತದೆ. ಕಾಲೇಜಿನ ವೈಫೈಯಲ್ಲಿರುವ ನೂರಾರು ಮೊಬೈಲುಗಳು ಹೊರಜಗತ್ತಿಗೆ ಸಾಮಾನ್ಯವಾಗಿ ಒಂದೆರಡು ಐಪಿ ವಿಳಾಸಗಳಾಗಿ ಮಾತ್ರ ಕಾಣುತ್ತವೆ. ತರಗತಿಯ 60 ಮಕ್ಕಳು ಕೂತಲ್ಲೇ ಒತ್ತಿದರೆ ಬರುವುದು ಒಂದೋ ಎರಡೋ. ನಿಜವಾಗಿ ಓದಲೆಂದು 60 ಮಂದಿ ಇಳಿಸಿಕೊಂಡರೂ ಬರುವುದು ಅಷ್ಟೇ! ಮೊಬೈಲ್ ಕಂಪೆನಿಗಳೂ ಎಷ್ಟೋ ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ, ಮತ್ತೆ ಆ ವಿಳಾಸ ಆಗಾಗ ಬದಲಾಗುತ್ತಲೂ ಇರುತ್ತದೆ. ಹಾಗಾಗಿ ತಿಂಗಳಿಗೆ 4 ಇದ್ದದ್ದು 7 ಆಯಿತು ಎಂಬುದಕ್ಕೆ ಅರ್ಥವೇ ಇಲ್ಲ. ಹನ್ನೆರಡು ತಿಂಗಳ ಲೆಕ್ಕ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಏನಾದರೂ ಹೇಳಬಹುದು.

ಬೇರೆ ಕಡೆಯ ಸಂಖ್ಯೆ ತಂದು ಇದಕ್ಕೆ ಕೂಡಿಸುವವರೂ ಇದ್ದಾರೆ. ಕೂಡಿಸಬಾರದು. ಆನ್‌ಲೈನ್ ಬಳಕೆಯನ್ನು ಎಣಿಸುವುದಕ್ಕೆ ಇರುವ ಕೌಂಟರ್ ಎಂಬ ನಿಯಮ ಪಾಲಿಸುವ ಪ್ರಕಾಶಕರು 30 ಸೆಕೆಂಡಿನೊಳಗೆ ಎರಡು ಸಲ ಒತ್ತಿದ್ದನ್ನಷ್ಟೆ ಒಂದು ಎನ್ನುತ್ತಾರೆ. ಲಾಗ್‌ಎಕ್ ಲೆಕ್ಕ ಇಡೀ ತಿಂಗಳಿನದ್ದು. ಪೇಪರುಗಳನ್ನು ಹಾಕಿಡುವ ಇನ್ನೊಂದು ತಾಣ ಎಸ್‌ಎಸ್‌ಆರ್‌ಎನ್, ಅದು ಸೋಸುವ ರೀತಿ ಬೇರೆಯೇ. ಅಡಿಕೆಯನ್ನು ಕಿಲೋದಲ್ಲಿ, ತೆಂಗಿನಕಾಯಿಯನ್ನು ಎಣಿಸಿ ಮಾರುವ ಊರಿನವರು ನಾವು, ಎರಡನ್ನೂ ಒಂದೇ ಚೀಟಿಯಲ್ಲಿ ಕೂಡಿಸುವುದಿಲ್ಲವಲ್ಲ.

"ಎಲ್ಲರೂ ಮಾಡ್ತಾರೆ, ಪ್ರಮೋಷನ್ ಬೇಕಲ್ಲ ಸರ್" ಎನ್ನುತ್ತಾರೆ. ಯುಜಿಸಿಯ 2018ರ ನಿಯಮಾವಳಿ ತೆಗೆದು ನೋಡಿ. ಸಮಾಜ ವಿಜ್ಞಾನದವರಿಗೆ ಒಪ್ಪಿತ ಜರ್ನಲಿನ ಒಂದು ಪೇಪರಿಗೆ 10 ಅಂಕ, ಜರ್ನಲಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರುಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಳತೆ) ಇದ್ದರೆ ಇನ್ನಷ್ಟು. ಡೌನ್‌ಲೋಡಿಗೆ ಅಂಕವೇ ಇಲ್ಲ. ಎಲ್ಲರೂ ಮಾಡ್ತಾರೆ ಎಂಬ ಮಾತಿನ ಬಗ್ಗೆ ಅಧ್ಯಯನವೇ ಆಗಿದೆ. ಬೆಂಜಮಿನ್ ಎಡೆಲ್‌ಮನ್ ಮತ್ತು ಇಯಾನ್ ಲಾರ್ಕಿನ್ ಎಂಬ ಸಂಶೋಧಕರು ಎಸ್‌ಎಸ್‌ಆರ್‌ಎನ್ ದಾಖಲೆಗಳನ್ನು ಜಾಲಾಡಿ, ತಮ್ಮ ಪೇಪರನ್ನು ತಾವೇ ಮತ್ತೆ ಮತ್ತೆ ಇಳಿಸಿಕೊಂಡಂತೆ ಕಾಣುವ ಗುರುತುಗಳನ್ನು ಹೆಕ್ಕಿದರು. 2015ರಲ್ಲಿ ಪ್ರಕಟವಾಯಿತು. ಸರೀಕರ ಪೇಪರುಗಳ ಸಂಖ್ಯೆ ಮೇಲೆ ಹೋದಾಗ ಈ ಚಾಳಿ ಹೆಚ್ಚುತ್ತದೆ ಎಂದು ಕಂಡಿತು. ಪಕ್ಕದವರನ್ನು ನೋಡಿ ಹುಟ್ಟಿದ ಸಂಕಟ ಅದು. ಅದಕ್ಕೆ ವಿದ್ಯಾರ್ಥಿಗಳ ಬೆರಳು ಯಾಕೆ ಬೇಕು?

ಅವರ ಇನ್ನೊಂದು ಮಾತು ಸ್ವಲ್ಪ ತೂಕದ್ದು: ಬೀಡಿ ಕಟ್ಟುವ ಹೆಂಗಸರ ಬಗ್ಗೆ, ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೋ ಬಗ್ಗೆ, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ವಿಲೀನದ ಬಗ್ಗೆ ಬರೆದರೆ ಹೊರಗಿನವರು ಎಷ್ಟು ಮಂದಿ ಓದುತ್ತಾರೆ, ಸಂಖ್ಯೆ ಕಡಿಮೆಯೇ ಇರುತ್ತದಲ್ಲ ಎಂದು. ಹೌದು, ಕಡಿಮೆಯೇ. ನಮ್ಮ ಓದುಗ ಬ್ಯಾಂಕಿನ ನಿವೃತ್ತ ಮ್ಯಾನೇಜರ್ ಇರಬಹುದು, ಸಹಕಾರಿ ಸಂಘದ ಕಾರ್ಯದರ್ಶಿ ಇರಬಹುದು. ಅವರಿಗೆ ಪಿಡಿಎಫ್ ಸಿಗುವುದು ವಾಟ್ಸಾಪಿನಲ್ಲಿ, ಇಲ್ಲವೇ ಗೂಗಲಿನಿಂದ ನೇರ ಕಡತಕ್ಕೇ ಹೋಗಿ. ಎರಡೂ ಲಾಗ್‌ಎಕ್‌ಗೆ ಕಾಣುವುದಿಲ್ಲ. ಅದಕ್ಕೆ ಸುಳ್ಳು ನೂರು ಮದ್ದಲ್ಲ. ಸುಳ್ಳು ನೂರರ ಅಡಿಯಲ್ಲಿ ಎಲ್ಲಿಂದಲೋ ಬಂದ ನಿಜವಾದ ಮೂವರು ಓದುಗರು ಮುಳುಗಿಹೋಗುತ್ತಾರೆ. ನನಗೆ ನೋವಾಗುವುದು ಅಲ್ಲಿ.

ಆ ಮೂವರ ನಿಜವಾದ ಲೆಕ್ಕ ನಮಗೆ ಕೆಲಸಕ್ಕೆ ಬರುತ್ತದೆ, ಮಾರಾಯ್ರೆ. ಸಾರಾಂಶ 90 ಸಲ ತೆರೆದಿದೆ, ಡೌನ್‌ಲೋಡ್ ಸೊನ್ನೆ ಎಂದರೆ ಮೊದಲು ಅನುಮಾನ ಪಡಬೇಕಾದ್ದು ಪುಟದಲ್ಲಿ ಲಿಂಕೇ ಇಲ್ಲವೇನೋ ಎಂದು. ಲಿಂಕ್ ಇದ್ದರೂ ಸತ್ತಿರಬಹುದು: ಕಾಲೇಜಿನ ವೆಬ್‌ಸೈಟ್ ಹೊಸದು ಮಾಡುವಾಗ ಫೋಲ್ಡರಿನ ಹೆಸರು ಬದಲಾಗುತ್ತದೆ, ರೆಪೆಕ್‌ಗೆ ಕೊಟ್ಟ ವಿಳಾಸ ಹಳೆಯದೇ ಉಳಿಯುತ್ತದೆ. ಪರೀಕ್ಷೆ ಮಾಡುವುದಾದರೆ ಕ್ಯಾಂಪಸ್ಸಿನ ಹೊರಗಿನಿಂದ ಮಾಡಿ. ಒಳಗಿನ ನೆಟ್‌ವರ್ಕಿನಲ್ಲಿ ತೆರೆಯುವ ಕಡತ ಹೊರಗೆ ತೆರೆಯದಿರುವುದು ಉಂಟು. ವಿಳಾಸ ಸರಿಪಡಿಸುವಾಗ ವಿವರದ ಕಡತದಲ್ಲಿ ಫೈಲ್-ಯುಆರ್‌ಎಲ್ ಎಂಬ ಸಾಲು ಮಾತ್ರ ಬದಲಿಸಿ. ಹ್ಯಾಂಡಲ್ ಎಂಬ ಸಾಲು ರೆಪೆಕ್‌ನಲ್ಲಿ ಆ ಪೇಪರಿನ ಗುರುತು, ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಹ್ಯಾಂಡಲ್ ಬದಲಾದರೆ ಅದು ಹೊಸ ಪೇಪರ್ ಎಂದಾಗುತ್ತದೆ, ಹಿಂದಿನ ವರ್ಷಗಳ ಲೆಕ್ಕ ಹಳೆಯ ಹ್ಯಾಂಡಲಿನ ಜೊತೆಗೇ ಉಳಿಯುತ್ತದೆ.

ಹೆಸರಿನದ್ದು ನಮ್ಮ ಕಡೆಯ ದೊಡ್ಡ ತೊಂದರೆ. ಒಬ್ಬರೇ ಡಿಸೋಜ ಒಂದು ಪೇಪರಿನಲ್ಲಿ ಅಪಾಸ್ಟ್ರಫಿ ಇಟ್ಟು, ಇನ್ನೊಂದರಲ್ಲಿ ಇಡದೆ, ಮತ್ತೊಂದರಲ್ಲಿ ಜಾಗ ಬಿಟ್ಟು. ಭಟ್ಟರ, ಶೆಟ್ಟರ ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ರೆಪೆಕ್ ಲೇಖಕರ ಸೇವೆಯಲ್ಲಿ ನೋಂದಾಯಿಸುವಾಗ ಹೆಸರಿನ ಎಲ್ಲ ರೂಪಗಳನ್ನೂ ಬರೆಯಲು ಜಾಗ ಉಂಟು, ಬರೆಯಿರಿ. ಅದನ್ನಿಟ್ಟುಕೊಂಡೇ ಅದು ನಿಮ್ಮ ಪೇಪರುಗಳನ್ನು ಹುಡುಕಿ ಮುಂದಿಡುತ್ತದೆ, ನಿಮ್ಮದು ಹೌದು ಎಂದು ನೀವು ಒಪ್ಪಬೇಕು. ಒಪ್ಪಿದ ಮೇಲೆ ತಿಂಗಳಿಗೊಮ್ಮೆ ಲೆಕ್ಕ ಇಮೇಲಿಗೆ ಬರುತ್ತದೆ. ವರ್ಕಿಂಗ್ ಪೇಪರ್ (ಜರ್ನಲಿಗೆ ಹೋಗುವ ಮೊದಲಿನ ರೂಪ) ಆಮೇಲೆ ಜರ್ನಲಿನಲ್ಲಿ ಬಂದಿದ್ದರೆ ಶೀರ್ಷಿಕೆ ಅಕ್ಷರಶಃ ಒಂದೇ ಇರುವಂತೆ ನೋಡಿಕೊಳ್ಳಿ, ಎರಡನ್ನೂ ಪ್ರೊಫೈಲಿಗೆ ಸೇರಿಸಿ. ಆಗ ಐಡಿಯಾಸ್ ಎರಡನ್ನೂ ಒಂದೇ ಕೃತಿಯ ಎರಡು ರೂಪವೆಂದು ಜೋಡಿಸುತ್ತದೆ.

ಆ ಗ್ರೂಪಿನ ಅಡ್ಮಿನ್ ನನ್ನ ಸ್ನೇಹಿತರ ಪಟ್ಟಿಯಲ್ಲಿ ಇದ್ದಾರೆ, ಇದನ್ನು ಓದುತ್ತಾರೆ. ಸರ್, ಆ ಸಂದೇಶ ಅಳಿಸಿ. ಪಿಡಿಎಫ್ ಎಲ್ಲಿದೆ ಎಂದು ಹುಡುಕಿ, ಗ್ರೂಪಿಗೆ ಆ ಕಡತವನ್ನೇ ಹಾಕಿ. ಲೆಕ್ಕಕ್ಕೆ ಒಂದೂ ಸಿಗುವುದಿಲ್ಲ. ಆದರೆ ಓದಿ, ಎರಡನೆಯ ಕೋಷ್ಟಕ ಅರ್ಥವಾಗಲಿಲ್ಲ ಎಂದು ಒಬ್ಬ ಹುಡುಗಿ ಬರೆದರೂ ಬರೆಯಬಹುದು.