ಕಾರು ಹೊರಗೆ, ಕಾಲ ಒಳಗೆ: ಹಾಲಿವುಡ್‌ನ ಒಂದು ಬರ್ಗರ್ ಊಟ

ಲಾಸ್ ಏಂಜಲೀಸ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಊರಿಂದ ಬಂದ ನೆಂಟರನ್ನು ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಸಿನಿಮಾ ಥೀಮ್ ಪಾರ್ಕಿಗೆ ಕರೆದೊಯ್ಯುವುದು, ಊರಲ್ಲಿ ಬಂದವರಿಗೆ ಧರ್ಮಸ್ಥಳ ತೋರಿಸಿದ ಹಾಗೆ: ತಪ್ಪಿಸಿಕೊಳ್ಳುವಂತಿಲ್ಲ. ಹೋದಮೇಲೆ ಮಧ್ಯಾಹ್ನ ಹಸಿವಾಗುತ್ತದೆ. ಆಗ ಕಾಣುವುದು ಮೆಲ್ಸ್ ಡೈನರ್. ನಿಯಾನ್ ಬೋರ್ಡು, ಹೊಳೆಯುವ ಕ್ರೋಮ್ ಪಟ್ಟಿ, ಕೆಂಪು ರೆಕ್ಸಿನ್ ಸೀಟು, ಹಳೆಯ ರಾಕ್ ಆಂಡ್ ರೋಲ್ ಹಾಡು. ಹೊರಗೆ ಐವತ್ತರ ದಶಕದ ಉದ್ದುದ್ದ ಕಾರುಗಳನ್ನು ನಿಲ್ಲಿಸಿದ್ದಾರೆ, ನೋಡುವುದಕ್ಕೆ ಮಾತ್ರ. ಒಂದು ಕಾಲದಲ್ಲಿ ಜನ ಕಾರಿನಲ್ಲೇ ಕೂತು ತಿನ್ನುತ್ತಿದ್ದ ಡ್ರೈವ್-ಇನ್‌ನ ನಕಲು ಇದು. ಆದರೆ ನಿಮ್ಮ ಕಾರು ಎಲ್ಲೋ ದೂರದ ಪಾರ್ಕಿಂಗ್ ಕಟ್ಟಡದ ಯಾವುದೋ ಮಹಡಿಯಲ್ಲಿರುತ್ತದೆ. ಕಾರಿನ ಕಿಟಕಿಗೆ ಟ್ರೇ ಸಿಕ್ಕಿಸಿ ಹೋಗುತ್ತಿದ್ದ ಹುಡುಗಿಯರೂ ಇಲ್ಲ. ಕೌಂಟರ್‌ನಲ್ಲಿ ಸಾಲು ನಿಂತು, ದುಡ್ಡು ಕೊಟ್ಟು, ಟ್ರೇ ಹಿಡಿದು ಟೇಬಲ್ ಹುಡುಕಬೇಕು. ಆ ವಿಷಯದಲ್ಲಿ ಬೆಂಗಳೂರಿನ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲೇ ಹೆಚ್ಚು ಪ್ರಾಮಾಣಿಕ. ನಾನು ಅಲ್ಲಿದ್ದ ಕಾಲದಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿದರೆ ದೋಸೆ, ಕಾಫಿ ಕಾರಿನ ಹತ್ತಿರಕ್ಕೇ ಬರುತ್ತಿತ್ತು.

ಊಟದ ವಿಚಾರಕ್ಕೆ ಬಂದರೆ, ನಮ್ಮವರಿಗೂ ಬರ್ಗರ್‌ಗೂ ಅಷ್ಟಾಗಿ ಹೊಂದಿಕೆಯಿಲ್ಲ. ನಮ್ಮಪ್ಪ ಸಸ್ಯಾಹಾರಿ. ಈಗಿನ ತರಕಾರಿ ಬರ್ಗರ್ ಮಾಂಸದ ಹಾಗೇ ಕಾಣಬೇಕು, ಹಾಗೇ ರುಚಿಸಬೇಕು ಎಂದು ಇಲ್ಲಿನವರು ಪಟ್ಟ ಶ್ರಮವೇ ಅವರಿಗೆ ಅನುಮಾನ ತಂದಿತು. "ಮಾಂಸ ಬೇಡ ಅಂದವನಿಗೆ ಮಾಂಸದ ಥರದ್ದು ಯಾಕಪ್ಪಾ ಕೊಡ್ತಾರೆ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಕೊನೆಗೆ ಫ್ರೆಂಚ್ ಫ್ರೈಸ್ ಮತ್ತು ವೆನಿಲಾ ಮಿಲ್ಕ್‌ಶೇಕ್ ಸಾಕೆಂದರು. ಮಿಲ್ಕ್‌ಶೇಕ್ ಬಂದಾಗ ಸಹಜವಾಗಿಯೇ ಎರಡು ಖಾಲಿ ಲೋಟ ತರಲು ನನ್ನನ್ನು ಕಳಿಸಿದರು. ಬೈಟು ಮಾಡುವುದು ನಮ್ಮ ರಕ್ತದಲ್ಲೇ ಇದೆ. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಟ್ರೇ, ಅವರವರ ಬರ್ಗರ್ ಅವರವರಿಗೆ. ನಮ್ಮ ಟೇಬಲ್ ಮೇಲೆ ಮಾತ್ರ ಎಲ್ಲರ ಕೈಯೂ ಎಲ್ಲರ ಕಾಗದದ ತಟ್ಟೆಯಲ್ಲಿ.

ನನಗೆ ಹೇಳಬೇಕೆನಿಸಿದ್ದು ಆ ಅಲಂಕಾರದ ಬಗ್ಗೆ. ಮೂಲ ಮೆಲ್ಸ್ ಡ್ರೈವ್-ಇನ್ ಶುರುವಾದದ್ದು 1947ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಮೆಲ್ ವೈಸ್ ಮತ್ತು ಹೆರಾಲ್ಡ್ ಡಾಬ್ಸ್ ಅದರ ಪಾಲುದಾರರು. 1973ರಲ್ಲಿ ಜಾರ್ಜ್ ಲೂಕಾಸ್ ತೆಗೆದ 'ಅಮೆರಿಕನ್ ಗ್ರಾಫಿಟಿ'ಯಲ್ಲಿ ಅದು ಕಾಣಿಸಿಕೊಂಡಿತು. ಚಿತ್ರದ ಕಥೆ ನಡೆಯುವುದು 1962ರಲ್ಲಿ. ಬರೀ ಹನ್ನೊಂದು ವರ್ಷ ಹಿಂದಿನದನ್ನು ಅಮೆರಿಕ ಆಗಲೇ 'ಆ ಕಾಲ' ಎಂದು ನೆನೆಸಿಕೊಳ್ಳುತ್ತಿತ್ತು. ಆ ಚಿತ್ರ ಯೂನಿವರ್ಸಲ್‌ನದ್ದೇ, ಹಾಗಾಗಿ ಪಾರ್ಕಿನೊಳಗೆ ಅದೇ ಹೋಟೆಲು.

ಆದರೆ 1962ರ ಮರುವರ್ಷ, 1963ರ ಶರತ್ಕಾಲದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ಸ್ ಮುಂದೆ ಫಲಕ ಹಿಡಿದು ಜನ ನಿಂತಿದ್ದರು. ಕಪ್ಪು ಜನರನ್ನು ಅಡುಗೆಮನೆಯ, ಪಾತ್ರೆ ತೊಳೆಯುವ ಕೆಲಸಕ್ಕೆ ಇಟ್ಟುಕೊಳ್ಳುತ್ತೀರಿ, ಗಿರಾಕಿಗಳಿಗೆ ಕಾಣುವ ಕೆಲಸ ಮಾತ್ರ ಕೊಡುವುದಿಲ್ಲ ಎನ್ನುವುದು ಅವರ ತಕರಾರು. ಒಳಗೆ ಹೋಗಿ ಸೀಟು ಹಿಡಿದು ಕೂತರು, ಪೊಲೀಸರು ಹತ್ತಾರು ಜನರನ್ನು ಎತ್ತಿಕೊಂಡು ಹೋದರು. ಡಾಬ್ಸ್ ಆಗ ಮೇಯರ್ ಚುನಾವಣೆಗೆ ನಿಂತಿದ್ದರು, ಸೋತರು. ಕೊನೆಗೆ ಹೋಟೆಲಿನವರು ಒಪ್ಪಂದಕ್ಕೆ ಬಂದರು. ಇದು ವರ್ಣಭೇದಕ್ಕೆ ಹೆಸರಾದ ಅಮೆರಿಕದ ದಕ್ಷಿಣ ರಾಜ್ಯಗಳ ಯಾವುದೋ ಮೂಲೆಯ ಕಥೆಯಲ್ಲ. ಉದಾರವಾದಿಗಳ ಊರೆಂದು ಹೆಸರಾದ ಸ್ಯಾನ್ ಫ್ರಾನ್ಸಿಸ್ಕೋದ್ದು. ಪಾರ್ಕಿನ ನಕಲಿನಲ್ಲಿ ಕ್ರೋಮ್ ಬಂದಿದೆ, ಹಾಡು ಬಂದಿದೆ, ಆ ಫಲಕ ಹಿಡಿದವರು ಬಂದಿಲ್ಲ.

ನಮ್ಮಲ್ಲಿ ಇದು ಉಲ್ಟಾ ಇತ್ತು, ಅದೇ ನನಗೆ ವಿಚಿತ್ರವೆನಿಸುವುದು. ಅಲ್ಲಿ ಅಡುಗೆಮನೆ ಕೀಳು, ಕೌಂಟರ್ ಮೇಲು. ನಮ್ಮ ಹಳೆಯ ಹೋಟೆಲುಗಳಲ್ಲಿ ಅಡುಗೆಮನೆಯೇ ಮೇಲು, ಅದರೊಳಗೆ ಯಾರು ಕಾಲಿಡಬೇಕು ಎನ್ನುವುದರಲ್ಲೇ ಹೋಟೆಲಿನ ಹೆಸರು ನಿಂತಿತ್ತು. ಇವತ್ತು ಊರೆಲ್ಲ ಕೊಂಡಾಡುವ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲಕ್ಕೆ ಅದು ಅಸಹಜವಲ್ಲ, ಅಂಥ ಬೋರ್ಡುಗಳು ಎಷ್ಟೋ ಇದ್ದವು. ಬೇಯಿಸುವವರು ಒಂದು ಜಾತಿ, ಎಂಜಲು ಟೇಬಲ್ ಒರೆಸುವವರು ಇನ್ನೊಂದು. ಹಳ್ಳಿ ಕಡೆ ಹೋಟೆಲುಗಳಲ್ಲಿ ದಲಿತರಿಗೆ ಲೋಟವೇ ಬೇರೆ.

ನನ್ನ ಮಗಳು ಇಲ್ಲಿನ ಶಾಲೆಯಲ್ಲಿ ಓದುತ್ತಾಳೆ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಎಂಬ ದಕ್ಷಿಣದ ಊರಿನ ವೂಲ್‌ವರ್ತ್ ಅಂಗಡಿಯಲ್ಲಿ, ಬಿಳಿಯರಿಗೆ ಮಾತ್ರ ಎಂದಿದ್ದ ಊಟದ ಕೌಂಟರ್‌ನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಕೂತು ಏಳದೇ ಇದ್ದ ಪಾಠ ಅವಳಿಗೆ ಬಾಯಿಪಾಠ. ಡೈನರ್‌ನ ದುಂಡು ಸ್ಟೂಲ್ ನೋಡಿ ಅವಳಿಗೆ ನೆನಪಾದದ್ದು ಅದೇ. "ನಿಮ್ಮೂರಲ್ಲೂ ಹೀಗಿತ್ತಾ ತಾತ?" ಅಂದಳು. ಅಪ್ಪ ಮುಚ್ಚುಮರೆಯಿಲ್ಲದೆ ಹೇಳಿದರು: "ಇತ್ತು ಪುಟ್ಟಾ. ಅವರ ಲೋಟ ಹೊರಗೆ ಸೂರಿನಲ್ಲಿ ಸಿಕ್ಕಿಸಿರ್ತಿತ್ತು. ಕುಡಿದ ಮೇಲೆ ಅವರೇ ತೊಳೆದಿಡಬೇಕಿತ್ತು." ಆ ಮಾತು ಅಪ್ಪನ ಬಾಯಿಂದ ಅಲ್ಲಿಯವರೆಗೂ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. ನಮ್ಮ ಶಾಲೆಯಲ್ಲಿ ಅಸ್ಪೃಶ್ಯತೆ ಅಂದರೆ ಗಾಂಧೀಜಿಯ ಪಾಠದಲ್ಲಿ ಬರುವ ಒಂದು ಪ್ಯಾರಾ, ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೂ ಅದಕ್ಕೂ ಸಂಬಂಧವಿದ್ದದ್ದು ಯಾರೂ ಹೇಳಲಿಲ್ಲ.

ಈ ಒಂದರಲ್ಲಿ ಅಮೆರಿಕದ ರೀತಿ ನನಗೆ ಒಪ್ಪಿಗೆ, ಪಾರ್ಕಿನದ್ದಲ್ಲ, ಶಾಲೆಯದ್ದು. (ಅದನ್ನೂ ಪಠ್ಯದಿಂದ ತೆಗೆಯಬೇಕೆನ್ನುವವರು ಇಲ್ಲಿ ಕಡಿಮೆಯೇನಿಲ್ಲ.) ಹೋಟೆಲುಗಳು ಮಾತ್ರ ಎರಡೂ ಕಡೆ ಒಂದೇ. ಬೆಂಗಳೂರಿನಲ್ಲಿ ಹಳ್ಳಿಯ ವೇಷ ಹಾಕಿದ ಹೋಟೆಲುಗಳಿಗೆ ಹೋದರೆ ಹೆಂಚಿನ ಸೂರು, ಲಾಟೀನು, ಎತ್ತಿನ ಗಾಡಿಯ ಚಕ್ರ, ಬಿಸಿ ಬಿಸಿ ಅಕ್ಕಿ ರೊಟ್ಟಿ ಸಿಗುತ್ತವೆ. ರೊಟ್ಟಿ ಚೆನ್ನಾಗಿಯೇ ಇರುತ್ತದೆ. ಸೂರಿನಲ್ಲಿ ಸಿಕ್ಕಿಸಿದ ಲೋಟವನ್ನು ಮಾತ್ರ ಯಾವ ಇಂಟೀರಿಯರ್ ಡಿಸೈನರೂ ತಂದಿಟ್ಟಿಲ್ಲ.

ಹಾಗಂತ ಮೆಲ್ಸ್‌ಗೆ ಹೋಗಬೇಡಿ ಎನ್ನುತ್ತಿಲ್ಲ. ಮುಂದಿನ ನೆಂಟರು ಬಂದಾಗ ನಾನೂ ಹೋಗುವವನೇ. ಹನ್ನೆರಡರೊಳಗೆ ಹೋದರೆ ಸಾಲು ಕಡಿಮೆ. ವಯಸ್ಸಾದವರು ಜೊತೆಗಿದ್ದರೆ ಅವರನ್ನು ಮೊದಲು ಒಳಗೆ ಒಂದು ಸೀಟಿನಲ್ಲಿ ಕೂರಿಸಿ, ಆಮೇಲೆ ಕೌಂಟರ್‌ಗೆ ಹೋಗಿ. ಮಿಲ್ಕ್‌ಶೇಕ್ ಇಬ್ಬರಿಗೆ ಒಂದು ಧಾರಾಳವಾಗಿ ಸಾಕು.